ಕತ್ತಲಲ್ಲಿ ನೀಲಿಯಾಗುವ ಕಲ್ಲು

ದೀಪದ ಗುಂಡಿ ಒತ್ತಿದೆ. ಕಾಲಬುಡದ ಕಲ್ಲುರಾಶಿಯಲ್ಲಿ ಆಕಾಶದ ಚೂರೊಂದು ಬಿದ್ದಿತ್ತು!

ಅರ್ಧ ಗಂಟೆಯ ಹಿಂದೆ, ಇನ್ನೂ ಬೆಳಕಿದ್ದಾಗ, ಇದೇ ಕಲ್ಲನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ್ದೆ. ಬಿಳಿ ಬೆಣಚುಕಲ್ಲು. ಅದರ ಒಂದು ಮಗ್ಗುಲಲ್ಲಿ ತುಸು ಹಳದಿಗೆ ತಿರುಗಿದ, ಎಣ್ಣೆ ಸವರಿದ ಹಾಗೆ ಮಂಕಾಗಿ ಹೊಳೆಯುವ ಕಲೆ. ಅಷ್ಟೆ. ಹಾದಿಯಲ್ಲಿ ಸಿಕ್ಕಿದ್ದರೆ ಒದ್ದು ಮುಂದೆ ಹೋಗುತ್ತಿದ್ದೆ. ಈಗ ಬೆಟ್ಟದ ಮೇಲೆ ಕತ್ತಲು ಕವಿದಿದೆ, ಕೈಯಲ್ಲಿ 254 ನ್ಯಾನೊಮೀಟರ್‌ನ ನೇರಳಾತೀತ ಕಿರಣ ಬೀರುವ ಪುಟ್ಟ ದೀಪವಿದೆ, ಕಣ್ಣಿಗೆ ರಕ್ಷಣೆಯ ಕನ್ನಡಕವಿದೆ. ಆ ಕಿರಣ ನಮಗೆ ಕಾಣುವುದಿಲ್ಲ. ಕಲ್ಲಿಗೆ ಮಾತ್ರ ಅದು ತಾಗುತ್ತದೆ. ತಾಗಿದ ಕೂಡಲೇ ಮಂಕು ಕಲೆ ತನ್ನೊಳಗಿನಿಂದಲೇ ಬೆಳಗಿತು, ಮಳೆ ಹೊಯ್ದು ಬಿಟ್ಟ ಬೆಳಗಿನ ಬಾನಿನಂಥ ತಿಳಿನೀಲಿ. ದೀಪವನ್ನು ಪಕ್ಕಕ್ಕೆ ಸರಿಸಿದೆ. ಅಲ್ಲೊಂದು ಚುಕ್ಕಿ. ಇನ್ನೊಂದು ಚುಕ್ಕಿ. ರಾಶಿಯ ಆಚೆ ಬದಿಯಲ್ಲಿ ಗೆರೆ ಎಳೆದ ಹಾಗೆ ಐದಾರು ಚುಕ್ಕಿಗಳು! ಹಗಲಿಡೀ ನಾನು ತುಳಿದಾಡಿದ ಕಲ್ಲುಗಳ ನಡುವೆಯೇ ಇವೆಲ್ಲ ಇದ್ದವು.

ಇದು ಷೀಲೈಟ್. ಕ್ಯಾಲ್ಸಿಯಂ ಮತ್ತು ಟಂಗ್‌ಸ್ಟನ್ ಕೂಡಿ ಆದ ಖನಿಜ. ನಾನು ನಿಂತಿರುವುದು ಇಂಗ್ಲೆಂಡಿನ ಉತ್ತರದ ಕಂಬ್ರಿಯಾದಲ್ಲಿ, ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಒಂದು ಮೂಲೆಯಲ್ಲಿ, 1981ರಲ್ಲಿ ಕೊನೆಯ ಸಲ ಕೆಲಸ ನಿಂತ ಕ್ಯಾರಕ್ ಗಣಿಯ ಎದುರು.

ಇಲ್ಲಿಗೆ ಬರುವ ಹಾದಿ ಏನನ್ನೂ ಬಿಟ್ಟುಕೊಡುವುದಿಲ್ಲ. ಮೋಸ್‌ಡೇಲ್ ಎಂಬ ಪುಟ್ಟ ಹಳ್ಳಿಯಿಂದ ಕಾಲ್ಡ್ಯು ಹೊಳೆಯ ಪಕ್ಕದ ಕಿರುದಾರಿ ಹಿಡಿದು ಬಂದರೆ ಮರಗಳಿಲ್ಲದ ಹುಲ್ಲುಬೆಟ್ಟ, ಕುರಿಗಳು, ಗಾಳಿ. ದಾರಿ ಮುಗಿಯುವಲ್ಲಿ ಗ್ರೇನ್ಸ್‌ಗಿಲ್ ಎಂಬ ಹಳ್ಳ ಬಂದು ಹೊಳೆಗೆ ಸೇರುತ್ತದೆ. ಆ ಹಳ್ಳದ ಜೊತೆ ತುಸು ಮೇಲೆ ನಡೆದರೆ ಉತ್ತರದಿಂದ ಬ್ರ್ಯಾಂಡಿ ಗಿಲ್ ಎಂಬ ಇನ್ನೊಂದು ತೊರೆ ಇಳಿದು ಬರುತ್ತದೆ. ಎರಡೂ ಕೂಡುವ ಆ ಮೂಲೆಯೇ ಗಣಿ. ಡೆವನ್, ಕಾರ್ನ್‌ವಾಲ್ ಬಿಟ್ಟರೆ ಬ್ರಿಟನ್ನಿನಲ್ಲಿ ಟಂಗ್‌ಸ್ಟನ್‌ಗಾಗಿ ಅಗೆದ ಗಣಿ ಇದೊಂದೇ. ಕಟ್ಟಡಗಳನ್ನೆಲ್ಲ ತೆಗೆದು ನೆಲ ಹಸನು ಮಾಡಿದ್ದಾರೆ. ಉಳಿದಿರುವುದು ಕೆಲವು ಕಲ್ಲುಗೋಡೆಗಳು, ಬೆಟ್ಟದ ಎದೆಯಲ್ಲಿ ಸೀಳಿದ ಹಾಗೆ ಕಾಣುವ ಕೊರಕಲುಗಳು, ಮತ್ತು ಈ ಕಲ್ಲುರಾಶಿ. ಒಳಗಿನ ಸುರಂಗಗಳ ತಂಟೆಗೆ ಯಾರೂ ಹೋಗಬಾರದು, ನಾನೂ ಹೋಗಲಿಲ್ಲ. ಹೋಗಬೇಕಾದ ಅಗತ್ಯವೇ ಬೀಳಲಿಲ್ಲ. ಹೊರಗೆ ಬಿದ್ದಿರುವುದನ್ನು ಓದಿ ಮುಗಿಸಲು ಒಂದು ಜನ್ಮ ಸಾಲದು!

ಮೊದಲು ನೆಲದ ಕತೆ. ಹಿತ್ತಲಿನಷ್ಟು ಜಾಗದಲ್ಲಿ ಮೂರು ಬಗೆಯ ಬಂಡೆಗಳು ಇಲ್ಲಿ ಮೈಗೆ ಮೈ ತಾಗಿಸಿಕೊಂಡಿವೆ, ಮೂರರ ಹುಟ್ಟೂ ಬೇರೆ.

ಎಲ್ಲಕ್ಕಿಂತ ಹಳೆಯದು ಕಪ್ಪು ಸ್ಲೇಟು. ಸುಮಾರು 47–48 ಕೋಟಿ ವರ್ಷಗಳ ಹಿಂದೆ ಐಯಾಪಿಟಸ್ ಎಂಬ ಸಮುದ್ರವಿತ್ತು. ಈಗ ಅದು ಯಾವ ಭೂಪಟದಲ್ಲೂ ಇಲ್ಲ, ಖಂಡಗಳು ಒತ್ತರಿಸಿಕೊಂಡು ಬಂದು ಅದನ್ನು ಮುಚ್ಚಿಹಾಕಿವೆ. ಅದರ ದಂಡೆಯಾಚೆಯ ಆಳದಲ್ಲಿ ತಂಗಿದ ಕೆಸರು ಬಿಗಿದು ಈ ಸ್ಲೇಟಾಯಿತು. ಎರಡನೆಯದು ಗ್ಯಾಬ್ರೊ. ಆ ಕೆಸರುಬಂಡೆಯ ಒಳಕ್ಕೆ ನುಗ್ಗಿ ನಿಧಾನವಾಗಿ ಆರಿದ ಶಿಲಾರಸ, ಕಪ್ಪಗೆ, ದಪ್ಪ ಹರಳಿನದು, ಕೈಗೆ ಎತ್ತಿಕೊಂಡರೆ ಭಾರವೆನಿಸುವಂಥದು. ಪಕ್ಕದ ಕ್ಯಾರಕ್ ಫೆಲ್ ಬೆಟ್ಟದ ಮೈಯಲ್ಲಿ ದೊಡ್ಡ ಪಾಲು ಇದೇ. ಇದರಲ್ಲಿ ಕಬ್ಬಿಣದ ಅಂಶ ಎಷ್ಟಿದೆಯೆಂದರೆ ಕೆಲವೆಡೆ ದಿಕ್ಸೂಚಿಯ ಮುಳ್ಳೇ ದಾರಿ ತಪ್ಪುತ್ತದೆ. 1857ರಲ್ಲಿ ಕಾದಂಬರಿಕಾರರಾದ ಚಾರ್ಲ್ಸ್ ಡಿಕನ್ಸ್ ಮತ್ತು ವಿಲ್ಕಿ ಕಾಲಿನ್ಸ್ ಮಂಜು ಮಳೆಯಲ್ಲಿ ಈ ಬೆಟ್ಟ ಹತ್ತಿ ದಿಕ್ಕು ತಪ್ಪಿದ್ದರು, ಕಾಲಿನ್ಸ್ ಕಾಲು ಉಳುಕಿಸಿಕೊಂಡಿದ್ದರು. ಅವರು ಹತ್ತಿದ ಬೆಟ್ಟದ ಮಗ್ಗುಲಲ್ಲೇ, ಎರಡು ಮೈಲಿಯೂ ಇಲ್ಲದ ದೂರದಲ್ಲಿ, ಈ ನೀಲಿ ಚುಕ್ಕಿಗಳು ಬಂಡೆಯೊಳಗೆ ಕೂತಿದ್ದವು!

ಮೂರನೆಯದು ಗ್ರಾನೈಟ್. ಮೂವರಲ್ಲಿ ಕಿರಿಯ, ಸುಮಾರು 40 ಕೋಟಿ ವರ್ಷ. ನೆಲದಾಳದಲ್ಲಿ ಇದು ಬಹಳ ವಿಸ್ತಾರವಾಗಿ ಹರಡಿಕೊಂಡಿದೆ. ಆದರೆ ಸ್ಕಿಡಾ ಗ್ರಾನೈಟ್ ಎಂದು ಕರೆಯುವ ಈ ಬಂಡೆ ಸ್ಲೇಟಿನ ಹೊದಿಕೆ ಹರಿದು ಹೊರಗೆ ತಲೆಹಾಕಿರುವುದು ಮೂರೇ ಮೂರು ಕಡೆ. ಆ ಮೂರರಲ್ಲಿ ಒಂದು ಈ ಗ್ರೇನ್ಸ್‌ಗಿಲ್. ಬಿಸಿ ಗ್ರಾನೈಟು ಮೇಲಕ್ಕೆ ಬಂದಾಗ ಸುತ್ತಲಿನ ಸ್ಲೇಟು ಹೆಂಚಿನ ಮೇಲಿನ ರೊಟ್ಟಿಯಂತೆ ಬೆಂದಿತು. ಬೆಂದ ಗುರುತು ಇಂದಿಗೂ ಇದೆ. ಗ್ರಾನೈಟಿನಿಂದ ದೂರದ ಸ್ಲೇಟಿನಲ್ಲಿ ಕಯಾಸ್ಟೊಲೈಟ್ ಎಂಬ ಉದ್ದನೆಯ ಹರಳುಗಳು. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಪ್ರತಿಯೊಂದರ ಒಳಗೂ ಕರಿಯ ಗುಣಾಕಾರದ ಚಿಹ್ನೆ! ಹರಳು ಬೆಳೆಯುತ್ತ ಹೋದಂತೆ ಒಳಗಿನ ಇದ್ದಿಲ ಕಣಗಳನ್ನು ಮೂಲೆ ಮೂಲೆಗೆ ಒತ್ತರಿಸಿದ್ದರಿಂದ ಆದ ಗುರುತು ಅದು. ಗ್ರಾನೈಟಿಗೆ ಹತ್ತಿರವಾದಂತೆ ಸ್ಲೇಟು ಮಚ್ಚೆಗಟ್ಟುತ್ತದೆ, ಕೊನೆಗೆ ಪದರು ಕಳೆದುಕೊಂಡು ಗಟ್ಟಿ ಕರಿಯ ಹಾರ್ನ್‌ಫೆಲ್ಸ್ ಆಗುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ಗಂಟೆಯಂತೆ ಠಣ್ ಎನ್ನುತ್ತದೆ.

ಗ್ರಾನೈಟನ್ನು ನೋಡಲು ಹಳ್ಳಕ್ಕೆ ಇಳಿದೆ. ಗ್ರಾನೈಟೇ ಇರಲಿಲ್ಲ!

ಅಲ್ಲಿದ್ದದ್ದು ಇನ್ನೇನೋ. ಬೂದುಬಣ್ಣದ ಬಂಡೆ, ಮೈತುಂಬ ಬೆಳ್ಳಿಯ ಅಭ್ರಕದ ಹೊಟ್ಟು. ಬಗ್ಗಿದರೆ, ಎದ್ದರೆ, ತಲೆ ತಿರುಗಿಸಿದರೆ ಬಂಡೆಯ ಮಿಣುಕು ಒಂದು ಕಡೆ ಆರಿ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಗ್ರಾನೈಟಿಗೆ ಮೈಕಟ್ಟು ಕೊಡುವುದು ಫೆಲ್ಡ್‌ಸ್ಪಾರ್. ನಮ್ಮ ಗ್ರಾನೈಟ್ ನೆಲಹಾಸುಗಳಲ್ಲಿ ಗುಲಾಬಿಯಾಗಿ, ಬಿಳಿಯಾಗಿ ಕಾಣುವ ಹರಳು ಅದೇ. ಇಲ್ಲಿ ಅದರ ಸುಳಿವೇ ಇಲ್ಲ. ಬಿಸಿನೀರು ಬಂಡೆಯ ರಂಧ್ರರಂಧ್ರಗಳಲ್ಲೂ ಇಳಿದು, ಫೆಲ್ಡ್‌ಸ್ಪಾರನ್ನು ತಿಂದು, ಅದರ ಜಾಗದಲ್ಲಿ ಅಭ್ರಕವನ್ನೂ ಬೆಣಚನ್ನೂ ಕೂರಿಸಿ ಹೋಗಿದೆ. ಹೀಗೆ ಮಾರ್ಪಟ್ಟ ಗ್ರಾನೈಟಿಗೆ ಜರ್ಮನಿಯ ತವರದ ಗಣಿಯವರು ಇಟ್ಟ ಹೆಸರು ಗ್ರೈಸನ್. ಕೇಂಬ್ರಿಜ್‌ನ ಆಲ್ಫ್ರೆಡ್ ಹಾರ್ಕರ್ 1895ರಷ್ಟು ಹಿಂದೆಯೇ ಗ್ರೇನ್ಸ್‌ಗಿಲ್‌ನ ಗ್ರೈಸನ್ ಬಗ್ಗೆ ಬರೆದಿದ್ದರು. ಅವರು ನಿಂತು ನೋಡಿದ ಬಂಡೆಯನ್ನೇ ನಾನೂ ಮುಟ್ಟಿದೆ ಎಂಬುದು ನೆನಪಾಗಿ ಮೈ ಜುಮ್ಮೆಂದಿತು.

ಹಾಗಾದರೆ ಆ ನೀರು ಹೋದದ್ದೆಲ್ಲಿಗೆ? ಬಂಡೆ ಬಿರಿದಲ್ಲಿಗೆ. ಉತ್ತರ-ದಕ್ಷಿಣವಾಗಿ, ನೆಟ್ಟಗೆ ನಿಂತ ಗೋಡೆಗಳ ಹಾಗೆ ಬಿರುಕುಗಳು ಎದ್ದಿದ್ದವು. ಅವು ಗ್ರೈಸನ್ನಿನಲ್ಲಿ ಹುಟ್ಟಿ, ಹಾರ್ನ್‌ಫೆಲ್ಸನ್ನು ಸೀಳಿ, ಗ್ಯಾಬ್ರೊದೊಳಕ್ಕೂ ನುಗ್ಗಿವೆ. ಅವುಗಳಲ್ಲಿ ಬಿಸಿನೀರು ಹರಿಯಿತು, ತಣಿಯಿತು, ಹೊತ್ತು ತಂದದ್ದನ್ನೆಲ್ಲ ಗೋಡೆಗೆ ಅಂಟಿಸಿತು. ಬಿರುಕುಗಳು ಬೆಣಚಿನ ಎಳೆಗಳಾದವು. ಗಣಿಯವರು ಅವಕ್ಕೆ ಮನುಷ್ಯರ ಹೆಸರಿಟ್ಟರು: ಹಾರ್ಡಿಂಗ್, ಸ್ಮಿತ್, ಎಮರ್ಸನ್. ಕೆಲವೆಡೆ ಇವು ಆಳೊಬ್ಬ ಅಡ್ಡ ನಿಲ್ಲಲೂ ಆಗದಷ್ಟು ಸಪೂರ, ಕೆಲವೆಡೆ ಒಂದು ಮೀಟರಿಗೂ ಮೀರಿದ ಅಗಲ.

ಇಲ್ಲಿ ನಾನು ತುಸು ನಿಲ್ಲಲೇಬೇಕು. ಆ ನೀರಿನ ಹನಿಗಳು ಇನ್ನೂ ಇವೆ!

ಬೆಣಚಿನ ಹರಳು ಬೆಳೆಯುವಾಗ ತನ್ನ ಸುತ್ತಲಿನ ನೀರನ್ನು ಅಲ್ಲಲ್ಲಿ ಒಳಗೇ ಮುಚ್ಚಿಹಾಕುತ್ತದೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕ ಗೂಡುಗಳು. ಈ ರಾಶಿಯ ಬೆಣಚು ಹಾಲಿನಂತೆ ಬೆಳ್ಳಗಿರುವುದಕ್ಕೂ ಇಂಥ ಲೆಕ್ಕವಿಲ್ಲದಷ್ಟು ಗೂಡುಗಳೇ ಕಾರಣ. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪ್ರತಿ ಗೂಡಿನಲ್ಲೂ ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ಅಲುಗಾಡುವುದೂ ಉಂಟು. ಬಿಸಿಯಾಗಿದ್ದಾಗ ಗೂಡು ತುಂಬಿದ್ದ ನೀರು ತಣಿದು ಕುಗ್ಗಿದ್ದರಿಂದ ಗುಳ್ಳೆ ಹುಟ್ಟಿತು. ಅಂದಮೇಲೆ ಕಲ್ಲನ್ನು ಮತ್ತೆ ಕಾಯಿಸುತ್ತ ಹೋದರೆ ಯಾವ ಬಿಸಿಯಲ್ಲಿ ಗುಳ್ಳೆ ಮಾಯವಾಗುತ್ತದೋ, ಆ ನೀರು ಕಲ್ಲಿನೊಳಗೆ ಸಿಕ್ಕಿಬಿದ್ದಾಗ ಕಡಿಮೆಯೆಂದರೂ ಅಷ್ಟು ಬಿಸಿ ಇತ್ತು! 1970ರ ದಶಕದಲ್ಲಿ ಭೂವಿಜ್ಞಾನಿಗಳು ಕ್ಯಾರಕ್‌ನ ಬೆಣಚನ್ನು ಹೀಗೆ ಕಾಯಿಸಿ ನೋಡಿದರು. ಗುಳ್ಳೆಗಳು ಮಾಯವಾದದ್ದು 300 ಡಿಗ್ರಿ ಸೆಲ್ಸಿಯಸ್‌ಗೆ ತುಸು ಕೆಳಗೆ. ನೀರು ಸಮುದ್ರಕ್ಕಿಂತ ಉಪ್ಪು. ಸುಮಾರು 40 ಕೋಟಿ ವರ್ಷ ಹಿಂದಿನ ನೀರನ್ನು ಒಂದು ಕಲ್ಲಿನ ಚೂರು ಚೆಲ್ಲದೆ ಕಾದಿಟ್ಟುಕೊಂಡಿದೆ. ಡೈನೊಸಾರ್‌ಗಳು ಹುಟ್ಟಿದವು, ಅಳಿದವು, ನಮ್ಮ ಹಿಮಾಲಯ ಎದ್ದಿತು. ಆ ಹನಿ ಇದ್ದಲ್ಲೇ ಇತ್ತು. ನನ್ನ ಅಂಗೈಯಲ್ಲಿರುವ ಈ ಕಲ್ಲಿನಲ್ಲೂ ಅದು ಇದೆ.

ಕಲ್ಲುರಾಶಿಯಲ್ಲಿ ಹಗಲು ಮೊದಲು ಕಣ್ಣಿಗೆ ಬೀಳುವುದು ವುಲ್ಫ್ರಮೈಟ್. ಬಿಳಿ ಬೆಣಚಿನೊಳಗೆ ಯಾರೋ ಚಾಕುವಿನ ಅಲಗುಗಳನ್ನು ಚುಚ್ಚಿ ಮುರಿದಿಟ್ಟ ಹಾಗೆ ಕರಿಯ ಪಟ್ಟಿಗಳು. ಒಡೆದ ಮುಖ ಕನ್ನಡಿಯಂತೆ ಮಿರುಗುತ್ತದೆ. ಕಬ್ಬಿಣ, ಮ್ಯಾಂಗನೀಸು, ಟಂಗ್‌ಸ್ಟನ್ ಕೂಡಿದ ಖನಿಜ ಇದು. ನೋಡುವುದಕ್ಕಿಂತ ಎತ್ತುವುದರಲ್ಲಿ ಬೆರಗಿದೆ. ಮುಷ್ಟಿಯಷ್ಟು ಬೆಣಚು ಎತ್ತಿದ ಕೈ, ಅಷ್ಟೇ ಗಾತ್ರದ ವುಲ್ಫ್ರಮೈಟ್ ಎತ್ತಲು ಹೋದರೆ ಕಲ್ಲು ನೆಲಕ್ಕೆ ಅಂಟಿಕೊಂಡಿದೆಯೇನೋ ಎನಿಸುತ್ತದೆ. ಬೆಣಚಿನ ಸಾಂದ್ರತೆ 2.65, ಇದರದು 7ಕ್ಕೂ ಮೇಲೆ.

'ಟಂಗ್‌ಸ್ಟನ್' ಎಂದರೆ ಸ್ವೀಡಿಷ್ ಭಾಷೆಯಲ್ಲಿ ಭಾರದ ಕಲ್ಲು ಎಂದೇ ಅರ್ಥ. ಆ ಹೆಸರು ಮೊದಲು ಸೇರಿದ್ದು ಕತ್ತಲಲ್ಲಿ ನನಗೆ ನೀಲಿಯಾಗಿ ಕಂಡ ಖನಿಜಕ್ಕೆ. 1781ರಲ್ಲಿ ಸ್ವೀಡನ್ನಿನ ಔಷಧ ವ್ಯಾಪಾರಿ, ರಸಾಯನಶಾಸ್ತ್ರಜ್ಞ ಕಾರ್ಲ್ ಷೀಲೆ ಆ ಭಾರದ ಕಲ್ಲಿನಿಂದ ಹೊಸ ಆಮ್ಲವೊಂದನ್ನು ಬೇರ್ಪಡಿಸಿದ. ಎರಡು ವರ್ಷಗಳ ಮೇಲೆ ಸ್ಪೇನಿನ ಎಲ್ಹುಯಾರ್ ಸೋದರರು ಕರಿಯ ವುಲ್ಫ್ರಮೈಟಿನಿಂದ ಅದೇ ಆಮ್ಲ ತೆಗೆದು, ಇದ್ದಿಲಿನೊಂದಿಗೆ ಕಾಯಿಸಿ ಲೋಹವನ್ನೇ ಪಡೆದರು. ಲೋಹಕ್ಕೆ 'ಟಂಗ್‌ಸ್ಟನ್' ಎಂಬ ಹೆಸರು ಹೋಯಿತು, ಕಲ್ಲಿಗೆ ಷೀಲೆಯ ಹೆಸರು ಬಂತು. ವುಲ್ಫ್ರಮೈಟಿನ ಹೆಸರಿನೊಳಗಿನ 'ವುಲ್ಫ್ರಮ್' ಎಂಬುದರ ಕತೆ ಇನ್ನೂ ಹಳೆಯದು. ತವರದ ಅದಿರಿನ ಜೊತೆ ಇದು ಸೇರಿಕೊಂಡರೆ ಕುಲುಮೆಯಲ್ಲಿ ತವರ ಕೈಗೆ ಬಾರದೆ ಹೋಗುತ್ತಿತ್ತು. ಕುರಿ ತಿನ್ನುವ ತೋಳದಂತೆ ತವರ ತಿನ್ನುತ್ತದೆಂದು ಸ್ಯಾಕ್ಸನಿಯ ಗಣಿಯವರು ಅದಕ್ಕೆ ತೋಳದ ಹೆಸರು ಕೊಟ್ಟರು. ಸುತ್ತಲೂ ಕುರಿ ಮೇಯುವ ಈ ಬೆಟ್ಟದಡಿಯಲ್ಲಿ ಅಂಥ ತೋಳ!

ಈಗ ನೀಲಿ ಚುಕ್ಕಿಗೆ ಮರಳಿ ಬರುತ್ತೇನೆ. ವುಲ್ಫ್ರಮೈಟಿಗೆ ಬೇಕಾದದ್ದು ಕಬ್ಬಿಣ. ಷೀಲೈಟಿಗೆ ಬೇಕಾದದ್ದು ಕ್ಯಾಲ್ಸಿಯಂ, ಎಂದರೆ ಸುಣ್ಣದ ಅಂಶ. ಗ್ರಾನೈಟಿನಿಂದ ಬಂದ ನೀರಿಗೆ ಸುಣ್ಣ ಎಲ್ಲಿಂದ ಸಿಗಬೇಕು? ಎಳೆಗಳ ಪಕ್ಕದಲ್ಲೇ ಗ್ಯಾಬ್ರೊ ಇದೆಯಲ್ಲ! ಅದರ ಫೆಲ್ಡ್‌ಸ್ಪಾರಿನ ತುಂಬ ಸುಣ್ಣ. ಅದಕ್ಕಿಂತ ಹತ್ತಿರದ ಉಗ್ರಾಣ ಇಲ್ಲಿ ಬೇರೊಂದಿಲ್ಲ. ಕೆಲವು ಕಲ್ಲುಗಳಲ್ಲಿ ಕರಿಯ ವುಲ್ಫ್ರಮೈಟ್ ಪಟ್ಟಿಯ ಅಂಚನ್ನು ಷೀಲೈಟ್ ಕೊರೆದು ಒಳನುಗ್ಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಕಬ್ಬಿಣ ಬಿಟ್ಟುಕೊಟ್ಟ ಜಾಗದಲ್ಲಿ ಸುಣ್ಣ ಬಂದು ಕುಳಿತಿದೆ. ಸುಮಾರು 47 ಕೋಟಿ ವರ್ಷದ ಒಂದು ಬಂಡೆ, ಅದಕ್ಕಿಂತ 7 ಕೋಟಿ ವರ್ಷ ಕಿರಿಯ ಇನ್ನೊಂದು ಬಂಡೆ, ನಡುವೆ ಹರಿದ ನೀರು. ಇಷ್ಟೂ ಕೂಡಿದ ಮೇಲೆ ಈ ನೀಲಿ. ಬರೀ ಬೆರಗಿನಿಂದ ನಾನು ಆ ಕಲ್ಲಿನ ಪಕ್ಕ ಒದ್ದೆ ಹುಲ್ಲಿನ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ.

ಉಳಿದ ನೆಂಟರಿಷ್ಟರೂ ಕಡಿಮೆಯವರಲ್ಲ. ಬೆಳ್ಳಿಯಂತೆ ಬೆಳ್ಳಗಿನ ಆರ್ಸೆನೊಪೈರೈಟ್ ಇದೆ. ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಆರ್ಸೆನಿಕ್ ಬೆಳ್ಳುಳ್ಳಿಯ ವಾಸನೆ ಬಿಡುತ್ತದೆ, ಮೂಗಿಗೆ ಹಿಡಿಯುವ ವಿಷ ಅದು, ಒಡೆಯದೆ ಇಡುವುದೇ ಒಳ್ಳೆಯದು. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲಿನಂತೆ ಗೀರು ಮೂಡಿಸುವ ಮಾಲಿಬ್ಡೆನೈಟ್ ಇದೆ. ಮಸುಕು ಹಸಿರಿನ ಅಪಟೈಟ್ ಇದೆ. ನಮ್ಮ ಹಲ್ಲು ಮೂಳೆಗಳಲ್ಲಿರುವ ಖನಿಜದ ಒಡಹುಟ್ಟು ಅದು. ಸೀಸದ ಬಣ್ಣದ ಸೂಜಿಗಳಾಗಿ ಬಿಸ್ಮತ್‌ನ ಗಂಧಕ ಸಂಯುಕ್ತ, ಜೊತೆಗೆ ಟೆಲ್ಯೂರಿಯಂ ಸೇರಿದ ಜೋಸೈಟ್‌ನಂಥ ಅಪರೂಪದ ಖನಿಜಗಳ ಕಣಗಳು. ಟೆಲ್ಯೂರಿಯಂ ಭೂಮಿಯ ಹೊರಪದರದಲ್ಲಿ ಚಿನ್ನದಷ್ಟೇ ವಿರಳ. ಹಸುರುಹುಲ್ಲಿನ ಈ ಹಳ್ಳದ ದಂಡೆಯಲ್ಲಿ ಅದು!

ಈ ಊರಿನ ಖನಿಜಗಳ ಮಾತು ಬಂದಾಗ ಆರ್ಥರ್ ಕಿಂಗ್ಸ್‌ಬರಿ ಎಂಬವರನ್ನು ಬಿಟ್ಟು ಮುಂದೆ ಹೋಗಲಾಗದು. ಕಳೆದ ಶತಮಾನದ ನಡುವಿನಲ್ಲಿ ಬ್ರಿಟನ್ನಿನ ಹೆಸರಾಂತ ಖನಿಜ ಸಂಗ್ರಾಹಕರು. ಕಾರ್ನ್‌ವಾಲ್, ಡೆವನ್, ಈ ಕಂಬ್ರಿಯಾ ಬೆಟ್ಟಗಳಿಂದ ಬ್ರಿಟನ್ನಿಗೇ ಹೊಸದಾದ ಖನಿಜಗಳು ಸಿಕ್ಕವೆಂದು ಸಾಲುಸಾಲಾಗಿ ವರದಿ ಮಾಡಿದರು. 1968ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ದಶಕಗಳ ನಂತರ ತಜ್ಞರು ಕಲ್ಲುಗಳನ್ನು ಮತ್ತೆ ಒಂದೊಂದಾಗಿ ನೋಡಿದಾಗ, ಎಷ್ಟೋ ಕಲ್ಲುಗಳು ಬೇರೆಲ್ಲಿಂದಲೋ ತಂದು ಇಲ್ಲಿಯವೆಂದು ಚೀಟಿ ಅಂಟಿಸಿದವು ಎಂದು ಗೊತ್ತಾಯಿತು. ಇದನ್ನು ಓದಿ ನನಗೆ ನಿಜಕ್ಕೂ ನೋವಾಯಿತು. ಕಲ್ಲಿಗೆ ಬಾಯಿಲ್ಲ, ಎಲ್ಲಿ ಸಿಕ್ಕಿತೆಂಬ ವಿಳಾಸವೇ ಅದರ ಮಾತು. ವಿಳಾಸ ಸುಳ್ಳಾದರೆ ಈ ಗ್ಯಾಬ್ರೊ, ಈ ಗ್ರೈಸನ್, ಈ ಹನಿನೀರು ಎಲ್ಲದರ ಕತೆಯೂ ಹಳಿ ತಪ್ಪುತ್ತದೆ. ಆದರೆ ಕೇಳಿ, ಆ ಸುಳ್ಳನ್ನು ಹಿಡಿದುಕೊಟ್ಟಿದ್ದೂ ಕಲ್ಲುಗಳೇ! ಮೈಗೆ ಅಂಟಿದ ಬೆಣಚಿನ ಬಗೆ, ಪಕ್ಕದ ಖನಿಜದ ಜೋಡಿ, ದೂರದ ಗಣಿಗಳ ಹಳೆಯ ಮಾದರಿಗಳೊಂದಿಗಿನ ಹೋಲಿಕೆ ಅವು ಎಲ್ಲಿಯವೆಂದು ತೋರಿಸಿಕೊಟ್ಟವು.

ಗಣಿಯ ಬಾಳು ಯುದ್ಧಗಳ ಜೊತೆ ಏರಿಳಿಯಿತು. 1850ರ ದಶಕದಲ್ಲಿ ಇಲ್ಲಿಗೆ ಬಂದವರು ಸೀಸ, ತಾಮ್ರ ಹುಡುಕಿದವರು. ಕರಿಯ ಭಾರದ ಕಲ್ಲಿಗೆ ಬೆಲೆ ಬಂದದ್ದು ಉಕ್ಕಿಗೆ ಟಂಗ್‌ಸ್ಟನ್ ಸೇರಿಸಿದರೆ ಕೆಂಪಗೆ ಕಾದರೂ ಅಲಗಿನ ಮೊನೆ ಮಾಸುವುದಿಲ್ಲ ಎಂದು ಗೊತ್ತಾದ ಮೇಲೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಬ್ಬರು ಜರ್ಮನರು ಇಲ್ಲಿ ಗಣಿ ನಡೆಸಿದರು. ಆಗ ಬರ್ಮಾದಂಥ ತನ್ನದೇ ವಸಾಹತುಗಳ ಅದಿರನ್ನೂ ಬ್ರಿಟನ್ ಜರ್ಮನಿಗೆ ಕಳಿಸಿ, ಅಲ್ಲಿ ತಯಾರಾದ ಲೋಹದ ಪುಡಿಯನ್ನು ಮತ್ತೆ ಕೊಂಡುಕೊಳ್ಳುತ್ತಿತ್ತು. 1914ರಲ್ಲಿ ಯುದ್ಧ ಬಂದು ಆ ಬಾಗಿಲು ಮುಚ್ಚಿದಾಗ ಈ ಪುಟ್ಟ ಗಣಿಯೂ ದೇಶಕ್ಕೆ ಬೇಕಾಯಿತು. ಯುದ್ಧ ಮುಗಿದೊಡನೆ ಮುಚ್ಚಿತು. ಎರಡನೆಯ ಯುದ್ಧದಲ್ಲಿ ಸರ್ಕಾರ ಮತ್ತೆ ಸುರಂಗ ಕೊರೆಸಿ ನೋಡಿತು. 1970ರ ದಶಕದಲ್ಲಿ ಬೆಲೆ ಏರಿತೆಂದು ತೆರೆದು, ಇಳಿಯಿತೆಂದು 1981ರಲ್ಲಿ ಬಾಗಿಲು ಹಾಕಿದರು. ನಮ್ಮ ರಾಜಸ್ಥಾನದ ದೇಗಾನಾ ಬಳಿಯ ರೇವತ್ ಗುಡ್ಡದ ವುಲ್ಫ್ರಮೈಟ್ ಗಣಿಗೂ ಹೆಚ್ಚುಕಡಿಮೆ ಇದೇ ಹಣೆಬರಹ.

ಕನ್ನಡದವಳಾದ ನನಗೆ ಈ ಲೋಹ ಹೊಸದಲ್ಲ ಎಂಬುದೂ ಇಲ್ಲೇ ಹೊಳೆಯಿತು. ನಮ್ಮ ಮನೆಯ ನಡುಮನೆಯಲ್ಲಿ ತೂಗುತ್ತಿದ್ದ 60 ವ್ಯಾಟಿನ ಬಲ್ಬಿನೊಳಗಿನ ಎಳೆ ಇದೇ. 3422 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕರಗದ ಲೋಹ, ಎಲ್ಲ ಲೋಹಗಳಲ್ಲೂ ಮೊದಲನೆಯದು. ಬೋರ್‌ವೆಲ್ ಲಾರಿ ಬಂದು ಹೊಲದಲ್ಲಿ ಧೂಳೆಬ್ಬಿಸುವಾಗ ಬಂಡೆಗೆ ಬಡಿಯುವ ಬಿಟ್ಟಿನ ಮೂತಿಯ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡ್. ಕೋಲಾರದ ಚಿನ್ನದ ಅದಿರಿನಲ್ಲಿ, ಹಟ್ಟಿಯಲ್ಲಿ ಇದೇ ಷೀಲೈಟ್ ಇದೆ. ಕೆಜಿಎಫ್‌ನ ಕಲ್ಲನ್ನೂ ಕತ್ತಲಲ್ಲಿ ಈ ದೀಪದ ಎದುರು ಹಿಡಿದರೆ ಹೀಗೆಯೇ ನೀಲಿ ಚುಕ್ಕಿ ಕಣ್ಣು ತೆರೆದೀತು! ಚಿನ್ನ ಮತ್ತು ಟಂಗ್‌ಸ್ಟನ್ ಎರಡರ ಸಾಂದ್ರತೆಯೂ ಸುಮಾರು 19.3. ನೀರಿನಲ್ಲಿ ಮುಳುಗಿಸಿ ತೂಗಿದರೂ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಕಷ್ಟ. ಚಿನ್ನದ ಗಟ್ಟಿಯೊಳಗೆ ಟಂಗ್‌ಸ್ಟನ್ ತುಂಬಿ ಮೋಸ ಮಾಡುವವರು ಹುಟ್ಟಿಕೊಂಡಿರುವುದು ಇದಕ್ಕೇ.

ಹೊರಡುವ ಮೊದಲು ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದುಕೊಂಡು ಗ್ರೇನ್ಸ್‌ಗಿಲ್ ದಂಡೆಗೆ ಇಳಿದೆ. ದೊಡ್ಡ ಬಂಡೆಯೊಂದರ ಹಿಂದೆ, ನೀರು ಸುತ್ತಿ ನಿಧಾನವಾಗುವಲ್ಲಿ, ಒಂದು ಹಿಡಿ ಮರಳು ತುಂಬಿಕೊಂಡೆ. ಅಜ್ಜಿ ಅನ್ನಕ್ಕಿಡುವ ಮೊದಲು ಅಕ್ಕಿ ಜಾಲಿಸುತ್ತಿದ್ದ ಹಾಗೆ ಮುಚ್ಚಳವನ್ನು ನೀರಿನಲ್ಲಿ ತೂಗುತ್ತ, ಓಲಿಸುತ್ತ ಹೋದೆ. ನಮ್ಮ ಜಾಲಗಾರರು ಹೊಳೆಮರಳಿನಿಂದ ಚಿನ್ನ ತೆಗೆಯುತ್ತಿದ್ದದ್ದು ಇದೇ ಕೈಚಳಕದಿಂದ. ಹಗುರವಾದ ಬೆಣಚು, ಅಭ್ರಕ, ಸ್ಲೇಟಿನ ಚೂರು ನೀರಿನೊಡನೆ ಹಾರಿಹೋದವು. ಬೆರಳು ಮರಗಟ್ಟುವ ತಣ್ಣೀರು. ಕೊನೆಗೆ ಮುಚ್ಚಳದ ತಳದಲ್ಲಿ ಉಗುರಿನಷ್ಟು ಅಗಲದ ಕರಿಯ ಮರಳು ಉಳಿಯಿತು, ಎಷ್ಟು ಅಲುಗಿಸಿದರೂ ಕದಲದ ಭಾರದ ಮರಳು.

ದೀಪ ಹಿಡಿದೆ. ಕಪ್ಪಿನ ನಡುವೆ ಸಾಸಿವೆಯ ಕಾಲುಭಾಗವೂ ಇಲ್ಲದ ಎರಡು ನೀಲಿ ಕಣ. ಒಂದು ಸ್ವಲ್ಪ ಉರುಟು, ಒಂದು ಇನ್ನೂ ಚೂಪು ಮೂಲೆಯದು, ಬೆಟ್ಟದಿಂದ ಈಗಷ್ಟೇ ಬಿಡಿಸಿಕೊಂಡು ಬಂದದ್ದಿರಬೇಕು. ಬಹಳ ಹೊತ್ತು ನೋಡಿದೆ. ಆಮೇಲೆ ಮುಚ್ಚಳವನ್ನು ನೀರಿನೊಳಗೆ ಓರೆ ಮಾಡಿದೆ. ಕರಿಯ ಮರಳು ಜಾರಿತು. ದೀಪ ಇನ್ನೂ ಉರಿಯುತ್ತಿತ್ತು. ಎರಡೂ ಕಣಗಳು ಒಂದರ ಹಿಂದೊಂದು ತಳಕ್ಕೆ ಇಳಿಯುವುದು ತಿಳಿನೀರಿನಲ್ಲಿ ಒಂದು ಕ್ಷಣ ಕಂಡಿತು.